ಜೀಪಿನ ಹೊಟ್ಟೆಬಾಕತನ

ಮಡಿಕೇರಿ, ಮೂಡಿಗೆರೆಯ ಕಡೆ ಈ ವಾರವೂ ಕಣ್ಣಿಗೆ ಬಿದ್ದದ್ದು ಅದೇ: ಹಳೆಯ ಫೋರ್‌ವೀಲ್ ಜೀಪು, ಮೂಲದ್ದಕ್ಕಿಂತ ದೊಡ್ಡ ಟೈರು, ತಲೆಯ ಮೇಲೆ ಖಾಲಿ ಕ್ಯಾರಿಯರ್, ಸೀಟಿನ ಪಕ್ಕ ಮೈಲೇಜ್ ಹೆಚ್ಚಿಸುವುದೆಂಬ ದ್ರಾವಣದ ಬಾಟಲಿ. ಕಂಬಳಿ ಹೊದ್ದು ಬೀಸಣಿಗೆ ಹುಡುಕಿದ ಹಾಗೆ. ಖಾಲಿ ಕ್ಯಾರಿಯರೂ ಗಾಳಿಗೆ ಅಡ್ಡವೇ, ಮತ್ತು ಗಾಳಿಯ ತಡೆ ಏರುವುದು ವೇಗದ ವರ್ಗಕ್ಕೆ ತಕ್ಕಂತೆ. ಗಂಟೆಗೆ 60 ಕಿ.ಮೀ.ಯಿಂದ 80ಕ್ಕೆ ಹೋದರೆ ಅದು ಮುಕ್ಕಾಲು ಪಾಲಿಗೂ ಹೆಚ್ಚು ಬೆಳೆಯುತ್ತದೆ. ಪೆಟ್ಟಿಗೆಯಂಥ ಮೈಯ ಜೀಪಿಗೆ ಈ ದಂಡ ಇನ್ನೂ ಭಾರಿ. ಕೆಸರಿಗೆ ದೊಡ್ಡ ಟೈರು ಬೇಕಲ್ಲ ಎನ್ನಬಹುದು. ಮಳೆಗಾಲಕ್ಕೆ ಸರಿ, ಬೇಸಿಗೆಯ ಡಾಂಬರಿಗೇಕೆ? (ಅಂದಹಾಗೆ, ದೊಡ್ಡ ಟೈರು ಹಾಕಿದರೆ ಓಡಿದ ದೂರವೇ ಮೀಟರಿನಲ್ಲಿ ಕಡಿಮೆ ಕಾಣುತ್ತದೆ, ಮೈಲೇಜ್ ಲೆಕ್ಕವೂ ಕೆಡುತ್ತದೆ.) ಹಳೇ ಎಂಜಿನ್ ಕುಡಿಯುವುದೇ ಹೀಗೆ ಎಂಬ ವಾದ ಅರ್ಧ ಸತ್ಯ. ಹಿಡಿದುಕೊಂಡೇ ಇರುವ ಬ್ರೇಕು, ಗಾಳಿ ಇಳಿದ ಟೈರು, ಧೂಳು ಕಟ್ಟಿದ ಏರ್ ಫಿಲ್ಟರ್, ಕಪ್ಪು ಹೊಗೆ ಕಾರಿಸುವ ಇಂಜೆಕ್ಟರ್ ಇವು ವಯಸ್ಸಿನ ದೋಷವಲ್ಲ, ಮಾಲೀಕರದು. ಬಾಟಲಿಯ ದುಡ್ಡನ್ನು ಮೊದಲು ಮೆಕ್ಯಾನಿಕ್‌ಗೆ ಕೊಡಿ, ಕ್ಯಾರಿಯರ್ ಇವತ್ತೇ ಬಿಚ್ಚಿಡಿ.