ಓಸಿ ಬೇಡ ಸರಿ, ಪಿಲ್ಲರ್ ಯಾರು ನೋಡ್ತಾರೆ?

ಓಸಿ, ಅಂದ್ರೆ ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿತು. ಮನೆ ಕಟ್ಟಿಯೂ ಕತ್ತಲಲ್ಲಿ ಕೂತವರ ಒತ್ತಡಕ್ಕೆ ಮಣಿದ ರಾಜ್ಯ ಸರ್ಕಾರ, 2025ರಲ್ಲಿ 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಓಸಿಯಿಂದಲೇ ವಿನಾಯಿತಿ ಕೊಟ್ಟಿತು. ಕರೆಂಟು ಕೊಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ವಿನಾಯಿತಿಗೆ ಮಹಡಿಗಳ ಮಿತಿ ಇದೆಯಲ್ಲ, ಅದನ್ನ ಎಣಿಸೋರು ಯಾರು?

ನಾನು ಎಂಜಿನಿಯರಿಂಗ್ ಓದಿದವಳು, ಒಂದು ಲೆಕ್ಕ ಹೇಳ್ತೀನಿ. ಸಾವಿರ ಚದರಡಿಗೆ ಐದು ಇಂಚಿನ ಮೋಲ್ಡ್ ಹಾಕಿದರೆ ಬರೀ ಅದರ ತೂಕವೇ ಸುಮಾರು 29 ಟನ್. ಗೋಡೆ, ಟೈಲ್ಸ್, ಜನ ಎಲ್ಲ ಬೇರೆ. ಮೇಲೆ 2,000 ಲೀಟರ್ ಟ್ಯಾಂಕ್ ತುಂಬಿದರೆ ಇನ್ನೆರಡು ಟನ್. "ಬಾಡಿಗೆ ಬರುತ್ತೆ, ಇನ್ನೊಂದು ಫ್ಲೋರ್ ಎತ್ತಿ ಸಾರ್" ಅನ್ನೋ ಮೇಸ್ತ್ರಿ ಇದನ್ನೆಲ್ಲ ಹೇರೋದು ಎರಡು ಮಹಡಿಗೆಂದು ಹಾಕಿದ ಪಾಯದ ಮೇಲೆ.

ಹಾಗಂತ ಓಸಿ ಇದ್ದಿದ್ದರೆ ಎಲ್ಲ ಸರಿಹೋಗ್ತಿತ್ತು ಅಂತಲೂ ಅಲ್ಲ. ಅದು ಬರೋದು ಕೊನೆಗೆ. ಆಗ ಟೇಪ್ ಹಿಡಿದು ಸೆಟ್‌ಬ್ಯಾಕ್ ಅಳೀಬಹುದು. ಪಿಲ್ಲರಿನೊಳಗಿನ ಕಂಬಿ ಕಾಂಕ್ರೀಟಿನಲ್ಲಿ ಮುಚ್ಚಿಹೋಗಿರುತ್ತೆ. ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್ 22ರಂದು ಕುಸಿದು 9 ಜನರನ್ನು ಬಲಿ ತಗೊಂಡ ಕಟ್ಟಡ ಇನ್ನೂ ಕಟ್ಟೋ ಹಂತದಲ್ಲೇ ಇತ್ತು.

ಓಸಿ ಬಿಟ್ಟ ಸರ್ಕಾರ ಅದರ ಜಾಗಕ್ಕೆ ಒಂದು ನಿಯಮ ತರಲಿ: ಪಾಯಕ್ಕೆ ಕಂಬಿ ಕಟ್ಟಿದ ದಿನ, ಆಮೇಲೆ ಪ್ರತಿ ಮೋಲ್ಡಿನ ಹಿಂದಿನ ದಿನ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಸಹಿ ಹಾಕಬೇಕು. ಕಟ್ಟಡ ಬಿದ್ದರೆ ಆ ಸಹಿ ಹಾಕಿದವರನ್ನೂ ಕೇಳಬೇಕು, ಮೇಸ್ತ್ರಿಯನ್ನಷ್ಟೇ ಅಲ್ಲ.