ಲೆಕ್ಕ ಓದೋಕೆ ಬಂದ್ರೇನೇ ಕಂಪನಿ ನಮ್ಮದು

ಹುಲಿಕೆರೆಯಲ್ಲಿ ನಾವೊಂದಷ್ಟು ಗೆಳೆಯರು ರೈತ ಉತ್ಪಾದಕ ಕಂಪನಿಯೊಂದಕ್ಕೆ ಷೇರು ಕಟ್ಟಿದ್ದೇವೆ. ಹೋದ ವರ್ಷ ಗೊಬ್ಬರ ದಾಸ್ತಾನಿಗೆ ಬ್ಯಾಂಕ್ ಸಾಲ ಕೇಳಿದಾಗ ಮ್ಯಾನೇಜರ್ ಕೇಳಿದ್ದು ಒಂದೇ: "ಆಡಿಟ್ ಆದ ಬ್ಯಾಲೆನ್ಸ್ ಶೀಟ್ ಕೊಡಿ." ಎರಡು ವರ್ಷದ್ದು ಇರಲೇ ಇಲ್ಲ. ಸಾಲ ಸಿಗಲಿಲ್ಲ. ತಪ್ಪು ಬರೀ ನಿರ್ದೇಶಕರದ್ದಲ್ಲ. ಮಹಾಸಭೆಯಲ್ಲಿ ಲೆಕ್ಕ ಕೇಳದೆ ಕೈ ಎತ್ತಿ, ಊಟ ಮಾಡಿ ಬಂದವರಲ್ಲಿ ನಾನೂ ಒಬ್ಬ.

ನಮ್ಮ ಷೇರು ಶೇರುಪೇಟೆಯಲ್ಲಿ ಮಾರಾಟವಾಗಲ್ಲ. ಹಾಗಾಗಿ ಕಂಪನಿಯ ಬೆಲೆ ಗೊತ್ತಾಗೋದು ಬ್ಯಾಂಕ್ ಕೊಡೋ ಸಾಲದಲ್ಲಿ, ಕೊಬ್ಬರಿ, ಜೋಳ ಕೊಳ್ಳೋರು ಇಡೋ ನಂಬಿಕೆಯಲ್ಲಿ. ಎರಡೂ ನಿಂತಿರೋದು ಲೆಕ್ಕದ ಮೇಲೆ.

ದೊಡ್ಡ ಕಂಪನಿಗೂ ಇದೇ ಮಾತು. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು ಲೆಕ್ಕದಲ್ಲಿ ತೋರಿಸಿದ್ದ ಸಾವಿರಾರು ಕೋಟಿ ಸುಳ್ಳು ಅಂತ ಒಪ್ಪಿಕೊಂಡರು. ಅದೇ ದಿನ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಬಿತ್ತು. ಕಟ್ಟಡ, ಕಂಪ್ಯೂಟರ್, ಕೆಲಸಗಾರರು ಎಲ್ಲಾ ಹಾಗೇ ಇದ್ರು, ಹೋಗಿದ್ದು ನಂಬಿಕೆ. ಅಲ್ಲೂ ಆಡಿಟರ್ ಸಹಿ ಇತ್ತು ಅನ್ನೋದನ್ನ ಮರೀಬೇಡಿ.

ಕಾನೂನು ನಮ್ಮ ಕಡೆ ಇದೆ. ಉತ್ಪಾದಕ ಕಂಪನಿಯಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು. ಮಹಾಸಭೆಗೆ ಕನಿಷ್ಠ 14 ದಿನ ಮೊದಲು ನೋಟಿಸ್ ಕೊಡಬೇಕು, ಜೊತೆಗೆ ಆಡಿಟ್ ಆದ ಲೆಕ್ಕಪತ್ರವನ್ನೂ ಕಳಿಸಬೇಕು. ವಾರ್ಷಿಕ ಲೆಕ್ಕಪತ್ರ ಸಲ್ಲಿಸೋದು ತಡವಾದರೆ ಒಂದೊಂದು ಫಾರಂಗೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಸತತ 3 ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು 5 ವರ್ಷ ಅನರ್ಹರಾಗ್ತಾರೆ.

ನೀವು ಮಾಡಬೇಕಾದ್ದು ಇಷ್ಟೇ. ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ನಿಮ್ಮ ಕಂಪನಿ ಹೆಸರು ಹುಡುಕಿ, ಕೊನೆಯ ಮಹಾಸಭೆ ಮತ್ತು ಬ್ಯಾಲೆನ್ಸ್ ಶೀಟಿನ ತಾರೀಖು ನೋಡ್ಕೊಳ್ಳಿ. ಲೆಕ್ಕಪತ್ರ ಕೈಗೆ ಬಂದಾಗ ಲಾಭದ ಸಾಲಷ್ಟೇ ಓದಿ ಸುಮ್ಮನಾಗಬೇಡಿ. ವ್ಯಾಪಾರಿಗಳಿಂದ ಬರಬೇಕಾದ ಬಾಕಿ ಎಷ್ಟು, ಗೋದಾಮಿನಲ್ಲಿ ಮಾಲು ನಿಜಕ್ಕೂ ಇದೆಯಾ, ಬ್ಯಾಂಕಲ್ಲಿ ದುಡ್ಡೆಷ್ಟು ಅಂತ ಕೇಳಿ. ಜೋಳ ಮಾರಿದ ದುಡ್ಡು ಬಾರದೇ ಇದ್ದರೂ ಪುಸ್ತಕದಲ್ಲಿ ಲಾಭ ಕಾಣಿಸುತ್ತೆ.

ಬೀಜ, ಗೊಬ್ಬರ, ಡ್ರೋನ್ ತರಬೇತಿಗೆ ನಾವು ಮುಗಿಬೀಳ್ತೀವಿ. ಲೆಕ್ಕದ ತರಬೇತಿ ಬೇಕು ಅಂತ ಯಾರೂ ಕೇಳಲ್ಲ. ಹೊಸ ಗೋದಾಮಿಗಿಂತ ಮೊದಲು ನಿರ್ದೇಶಕರಿಗೂ ಸದಸ್ಯರಿಗೂ ಎರಡು ದಿನ ಬ್ಯಾಲೆನ್ಸ್ ಶೀಟ್ ಓದೋದನ್ನ ಕಲಿಸಿ ಅಂತ ಈ ಸಲದ ಮಹಾಸಭೆಯಲ್ಲಿ ನಾನು ಕೇಳ್ತೀನಿ. ನೀವೂ ನಿಮ್ಮೂರಲ್ಲಿ ಕೇಳಿ.