ವಿನಿಮಯವೆಂದರೆ ಕಳುಹಿಸುವುದಷ್ಟೇ ಅಲ್ಲ

ವಿದೇಶದ ವಿಶ್ವವಿದ್ಯಾಲಯವೊಂದರೊಡನೆ ನಮ್ಮ ವಿಶ್ವವಿದ್ಯಾಲಯ ಒಡಂಬಡಿಕೆ ಮಾಡಿಕೊಂಡಿತೆಂಬ ಸುದ್ದಿ ಈಗ ಅಪರೂಪವಲ್ಲ. ಇಬ್ಬರು ಗಣ್ಯರು ಕಡತ ಬದಲಾಯಿಸಿಕೊಳ್ಳುತ್ತಿರುವ ಚಿತ್ರ, ಅದರ ಕೆಳಗೆ ‘ವಿದ್ಯಾರ್ಥಿ ವಿನಿಮಯಕ್ಕೆ ಅವಕಾಶ’ ಎಂಬ ಸಾಲು. ಆ ಅವಕಾಶ ಪಡೆದ ವಿದ್ಯಾರ್ಥಿ ಪರದೇಶದ ರೈಲು ನಿಲ್ದಾಣದಲ್ಲಿ ಎರಡು ಪೆಟ್ಟಿಗೆಗಳೊಡನೆ ಇಳಿದ ಮೇಲೆ ಏನಾಗುತ್ತದೆ ಎಂಬುದು ಮಾತ್ರ ಎಲ್ಲಿಯೂ ಸುದ್ದಿಯಾಗುವುದಿಲ್ಲ. ಒಡಂಬಡಿಕೆಯ ನಿಜವಾದ ಪರೀಕ್ಷೆ ನಡೆಯುವುದು ಆಮೇಲಿನ ಎರಡು ವಾರಗಳಲ್ಲಿ ಎಂಬುದು ನನ್ನ ಅನುಭವ.

2018ರ ಅಕ್ಟೋಬರ್‌ನಲ್ಲಿ ಒಂದು ಸೆಮಿಸ್ಟರ್‌ನ ಮಟ್ಟಿಗೆ ನಾನು ಜರ್ಮನಿಯ ಟ್ಯೂಬಿಂಗನ್‌ಗೆ ಹೋದೆ. ನೆಕರ್ ನದಿಯ ದಂಡೆಯಲ್ಲಿರುವ ಈ ಊರಿನ ವಿಶ್ವವಿದ್ಯಾಲಯ 1477ರಲ್ಲಿ ಸ್ಥಾಪನೆಯಾದುದು. ನಾನು ತಲುಪಿದ್ದು ಶನಿವಾರ ರಾತ್ರಿ. ಭಾನುವಾರ ಅಲ್ಲಿ ಅಂಗಡಿಗಳು ಬಾಗಿಲು ತೆರೆಯುವುದಿಲ್ಲವೆಂದು ನನಗೆ ಯಾರೂ ಹೇಳಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ಅವಲಕ್ಕಿ, ಚಕ್ಕುಲಿಗಳಲ್ಲೇ ಆ ದಿನ ಕಳೆಯಿತು. ಸೋಮವಾರ ಬೆಳಿಗ್ಗೆ ಹಿರಿಯ ವಿದ್ಯಾರ್ಥಿನಿಯೊಬ್ಬಳು ಬಾಗಿಲು ತಟ್ಟಿದಳು. ಹೊಸಬರಿಗೆ ಜೊತೆಗಾರ್ತಿಯಾಗಲು ಹೆಸರು ಕೊಟ್ಟವಳು ಆಕೆ. ಅವಳ ಕೈಯಲ್ಲಿ ಒಂದು ಹಾಳೆಯಿತ್ತು. ಮನೆ ಸೇರಿದ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ದೃಢೀಕರಣ ಪತ್ರ ಬೇಕು. ಆಮೇಲೆ ಬ್ಯಾಂಕು, ಆರೋಗ್ಯ ವಿಮೆ, ನಿವಾಸ ಪರವಾನಗಿ. ಯಾವುದರ ನಂತರ ಯಾವುದು ಎಂಬುದನ್ನು ತಿಳಿಸುವ ಆ ಒಂದು ಹಾಳೆ ನನ್ನ ಅರ್ಧ ಭಯವನ್ನು ಕಳೆಯಿತು.

ಉಳಿದರ್ಧವನ್ನು ಕಳೆದದ್ದು ಒಂದು ಪೊರಕೆ.

ನಾನಿದ್ದದ್ದು ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ಇನ್ನಿಬ್ಬರು ವಿದ್ಯಾರ್ಥಿಗಳು ಹಂಚಿಕೊಂಡಿದ್ದ ಮನೆಯಲ್ಲಿ. ಮೂರನೆಯ ವಾರ ನಮ್ಮ ಬಾಗಿಲಿಗೆ ಪುಟ್ಟ ಫಲಕವೊಂದು ಬಂದು ತೂಗಿತು: ‘ಕೇರ್‌ವೊಖೆ’. ನಮ್ಮ ಕಿವಿಗೆ ಅಕ್ಕಿ ಕೇರುವುದನ್ನು ನೆನಪಿಸುವ ಈ ಪದಕ್ಕೆ ಗುಡಿಸುವ ವಾರ ಎಂದರ್ಥ. ಜರ್ಮನಿಯ ನೈರುತ್ಯದ ಆ ಸೀಮೆಯಲ್ಲಿ ಕಟ್ಟಡದ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿಗಳನ್ನು ಅಲ್ಲಿನ ನಿವಾಸಿಗಳೇ ಸರದಿಯ ಮೇಲೆ ಶುಚಿಗೊಳಿಸುವುದು ಹಿಂದಿನಿಂದ ಬಂದ ರೂಢಿ. ಇಪ್ಪತ್ತೊಂದು ವರ್ಷ ತುಂಬಿದ್ದ ನಾನು ಅದುವರೆಗೆ ನನ್ನದಲ್ಲದ ಒಂದು ಮೆಟ್ಟಿಲನ್ನೂ ಗುಡಿಸಿದವನಲ್ಲ. ನಮ್ಮ ಬೀದಿಯನ್ನು ಯಾರು ಗುಡಿಸುತ್ತಿದ್ದರು, ಯಾವ ಕೇರಿಯಿಂದ ಬರುತ್ತಿದ್ದರು ಎಂಬುದು ಗೊತ್ತಿತ್ತು. ಅವರೇ ಏಕೆ ಎಂದು ಕೇಳಿಕೊಂಡಿರಲಿಲ್ಲ. ಮೊದಲಿಗೆ ಅವಮಾನವೆನಿಸಿದ್ದನ್ನು ಮುಚ್ಚಿಡಲಾರೆ. ಕೆಳಮನೆಯ ವೃದ್ಧೆಯೊಬ್ಬರು ಹೊರಬಂದು, ನಾನು ಬಿಟ್ಟ ಮೂಲೆಯನ್ನು ಬೆರಳು ಮಾಡಿ ತೋರಿಸಿ, ಹೆಸರು ಕೇಳಿದರು. ಮರುದಿನದಿಂದ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಹೆಸರು ಹಿಡಿದು ಮಾತನಾಡಿಸಿದರು. ನನಗೆ ಜರ್ಮನ್ ಭಾಷೆ ಬಾಯಿಗೆ ಬಂದದ್ದು ತರಗತಿಯಲ್ಲಿ ಕಡಿಮೆ, ಆ ಮೆಟ್ಟಿಲ ಮೇಲೆ ಹೆಚ್ಚು.

ಊರಿನಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಗುಂಪೂ ನನ್ನನ್ನು ಕಾಪಾಡಿತು. ಮೊದಲ ವಾರ ಅನ್ನ, ಸಾರು ಬಡಿಸಿದವರು ಅವರೇ. ಅವರ ಋಣ ದೊಡ್ಡದು. ಆದರೆ ಆ ಅಡುಗೆಮನೆಯ ಬೆಚ್ಚನೆಯ ಸಂಜೆಗಳು ಅಲ್ಲಿಯೇ ಉಳಿದುಬಿಡುವ ಆಸೆಯನ್ನೂ ಹುಟ್ಟಿಸುತ್ತಿದ್ದವು. ಹಾಗೆ ಉಳಿದು, ಆತಿಥೇಯ ದೇಶದವರೊಬ್ಬರ ಮನೆಯ ಹೊಸ್ತಿಲನ್ನೂ ದಾಟದೆ ಸೆಮಿಸ್ಟರ್ ಮುಗಿಸಿದವರನ್ನು ಕಂಡಿದ್ದೇನೆ. ಅವರು ಅಂಕಗಳೊಡನೆ ಮರಳಿದರು. ವಿನಿಮಯವೆಂಬುದು ಮಾತ್ರ ನಡೆಯಲಿಲ್ಲ.

ಟ್ಯೂಬಿಂಗನ್‌ಗೂ ಕನ್ನಡಕ್ಕೂ ಹಳೆಯ ನಂಟಿದೆ. 1853ರಲ್ಲಿ ಭಾರತಕ್ಕೆ ಬಂದು, ದಶಕಗಳ ಕಾಲ ಕನ್ನಡದ ಪದಗಳನ್ನು ಕೂಡಿಹಾಕಿ, 1894ರಲ್ಲಿ ನಿಘಂಟನ್ನು ಹೊರತಂದ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ಕಣ್ಣುಮುಚ್ಚಿದ್ದು ಈ ಊರಿನಲ್ಲಿಯೇ. ಅವರು ಬಂದದ್ದು ಬಾಸೆಲ್ ಮಿಷನ್ನಿನ ಧರ್ಮಪ್ರಚಾರಕರಾಗಿ. ಆ ಉದ್ದೇಶವನ್ನು ಒಪ್ಪದವರೂ, ಬಂದ ನಾಡಿನ ಮಾತಿಗೆ ಅವರು ಕಿವಿಗೊಟ್ಟ ಬಗೆಯನ್ನು ಅಲ್ಲಗಳೆಯಲಾರರು. ಪರನಾಡಿನಲ್ಲಿ ನೆಲೆಯಾಗಲು ಮಾಡಬೇಕಾದ ಮೊದಲ ಕೆಲಸ ಅದೇ.

ಹಿಂತಿರುಗಿದ ಮೇಲಿನ ಕಥೆ ಬೇರೆ. ಅಲ್ಲಿ ಪೂರ್ಣ ಸೆಮಿಸ್ಟರ್‌ಗೆ 30 ಕ್ರೆಡಿಟ್‌ಗಳ ಲೆಕ್ಕ. ಅದನ್ನು ಹೊಂದಿಸಿಕೊಳ್ಳುವ ಬಗೆ ತಿಳಿಯದ ನನ್ನ ಕಾಲೇಜು ಎರಡು ವಿಷಯಗಳ ಪರೀಕ್ಷೆಯನ್ನು ನನ್ನಿಂದ ಮತ್ತೆ ಬರೆಸಿತು. ಅದು ಮರೆತುಹೋಗುವ ನೋವು. ಮರೆಯಲಾಗದ್ದು ಇನ್ನೊಂದಿದೆ. ನಾನು ಹೊರಡುವ ಮುನ್ನ ನಮ್ಮ ತರಗತಿಯಲ್ಲಿ ತಾಂಜಾನಿಯಾದ ವಿದ್ಯಾರ್ಥಿಯೊಬ್ಬನಿದ್ದ. ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂರುತ್ತಿದ್ದ. ಬಾಡಿಗೆಗೆ ಕೋಣೆ ಸಿಗದೆ ಎರಡು ತಿಂಗಳು ಅಲೆದನೆಂದು ಆಮೇಲೆ ತಿಳಿಯಿತು. ಅವನ ಹೆಸರನ್ನು ಸರಿಯಾಗಿ ಉಚ್ಚರಿಸಲೂ ನಾವು ಕಲಿತಿರಲಿಲ್ಲ. ಯಾರೂ ಅವನ ಕೈಗೊಂದು ಹಾಳೆ ಕೊಡಲಿಲ್ಲ. ಯಾರೂ ಅವನ ಬಾಗಿಲು ತಟ್ಟಲಿಲ್ಲ. ನಾನು ಮರಳುವ ಹೊತ್ತಿಗೆ ಅವನು ಓದನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದ.

ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ 2021-22ರಲ್ಲಿ ನಮ್ಮ ದೇಶದಲ್ಲಿ ಓದುತ್ತಿದ್ದ ವಿದೇಶಿಯರು ಸುಮಾರು 47 ಸಾವಿರ. ಅವರನ್ನು ಸೆಳೆಯಲೆಂದೇ 2018ರಲ್ಲಿ ‘ಸ್ಟಡಿ ಇನ್ ಇಂಡಿಯಾ’ ಆರಂಭವಾಯಿತು. ವಿದೇಶಿ ವಿಶ್ವವಿದ್ಯಾಲಯಗಳೊಡನೆ ಜಂಟಿ ಪದವಿ ನೀಡಲು ಯುಜಿಸಿ 2022ರಲ್ಲಿ ನಿಯಮಗಳನ್ನೂ ರೂಪಿಸಿತು. ಕಾಗದದ ಕೆಲಸ ಮುಂದುವರಿದಿದೆ. ಆದರೆ ಬಂದವರನ್ನು ನಿಲ್ದಾಣದಿಂದ ಕರೆತರುವುದು, ವಿದ್ಯಾರ್ಥಿನಿಲಯದಲ್ಲಿ ಮೊದಲೇ ಕೋಣೆ ಕಾಯ್ದಿರಿಸುವುದು, ವಿದೇಶಿಯರ ನೋಂದಣಿಗೆ ನೆರವಾಗುವುದು, ಬಸ್ಸಿನಲ್ಲಿ, ಮಾರುಕಟ್ಟೆಯಲ್ಲಿ ಬೇಕಾಗುವಷ್ಟು ಕನ್ನಡ ಕಲಿಸುವುದು ಯಾವ ಒಡಂಬಡಿಕೆಯ ಯಾವ ಕಲಮಿನಲ್ಲಿದೆ? ಇವಕ್ಕೆ ಕೋಟಿಗಳ ಅನುದಾನ ಬೇಕಿಲ್ಲ. ಪ್ರತಿ ಹೊಸಬರಿಗೂ ಒಬ್ಬ ಜೊತೆಗಾರ, ಒಂದು ಹಾಳೆ ಇದ್ದರೆ ಆರಂಭಕ್ಕೆ ಸಾಕು. ನಮ್ಮವರನ್ನು ಹೊರಗೆ ಕಳುಹಿಸುವಾಗ ಅವರು ಅಲ್ಲಿ ಓದುವ ಯಾವ ವಿಷಯ ಇಲ್ಲಿನ ಯಾವುದಕ್ಕೆ ಸಮವೆಂದು ಮೊದಲೇ ಬರೆದುಕೊಟ್ಟರೆ, ಮರುಪರೀಕ್ಷೆಯ ಶಿಕ್ಷೆಯೂ ತಪ್ಪುತ್ತದೆ.

ಹೊರಡಲಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಅವಲಕ್ಕಿ ಕಟ್ಟಿಕೊಳ್ಳಿ, ಭಾನುವಾರಕ್ಕೆ ಬೇಕಾಗುತ್ತದೆ. ಆದರೆ ಹೊರಡುವ ಮುನ್ನ ನಿಮ್ಮ ತರಗತಿಯ ಕೊನೆಯ ಬೆಂಚಿನತ್ತ ಒಮ್ಮೆ ತಿರುಗಿ ನೋಡಿ. ದೂರದ ದೇಶದವರು ಯಾರಾದರೂ ಅಲ್ಲಿ ಒಬ್ಬರೇ ಕುಳಿತಿದ್ದರೆ, ಹೋಗಿ ಹೆಸರು ಕೇಳಿ. ನಾನು ಮಾಡದೆ ಹೋದ ಕೆಲಸವದು.